ಅತ್ತೆ ಸಾಕಿದ ನವಿಲು

ನಮ್ಮ ಮನೆ ಪುಣೆ ಹತ್ತಿರದ ಸಾಸವಡ ಎಂಬ ಊರಿನ ಅಂಚಿನಲ್ಲಿ, ಅಂಜೂರದ ತೋಟಗಳು ಶುರುವಾಗುವ ಕಡೆ ಇದೆ. ಮಾವನವರು ದೇಹೂ ರೋಡ್ ಎಂಬ ಊರಿನಲ್ಲಿ ಸೇನೆಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಎರಡು ಕೋಣೆಯ ಕ್ವಾರ್ಟರ್ಸಿನಲ್ಲೇ ಅತ್ತೆ ಅರ್ಧ ಆಯುಷ್ಯ ಕಳೆದಿದ್ದರು. ಅಂಗಳ ಎಂಬುದು ಸಿಕ್ಕಿದ್ದೇ ಈ ಮನೆಗೆ ಬಂದ ಮೇಲೆ. ಸಿಕ್ಕ ಕೂಡಲೇ ಕೋಳಿ ಸಾಕಿದರು. ಮಾವ ತೀರಿಕೊಂಡ ಮೇಲೆ ಇಡೀ ದಿನ ಅವುಗಳ ಹಿಂದೆಯೇ ಇರತೊಡಗಿದರು.

ಒಂದು ಮಳೆಗಾಲದಲ್ಲಿ ಪಕ್ಕದ ತೋಟದವರು ಹುಲ್ಲು ಕೊಯ್ಯುವ ಯಂತ್ರ ಓಡಿಸುವಾಗ ನವಿಲಿನ ಗೂಡೊಂದು ನಡುವೆ ಸಿಕ್ಕಿತು. ಹಾರಿಹೋದ ತಾಯಿ ಮರಳಿ ಬರಲಿಲ್ಲ. ಒಡೆಯದೆ ಉಳಿದ ಮೊಟ್ಟೆಗಳನ್ನು ಅತ್ತೆ ಸೆರಗಿನಲ್ಲಿ ತಂದು, ಕಾವು ಕೂತಿದ್ದ ಕೋಳಿಯ ಕೆಳಗಿಟ್ಟರು. ಒಂದೇ ಮರಿಯಾಯಿತು. ಕೋಳಿ ಅದನ್ನು ಹತ್ತಿರ ಸೇರಿಸಲಿಲ್ಲ. ಅತ್ತೆ ರಟ್ಟಿನ ಡಬ್ಬಿಯಲ್ಲಿ ಬಲ್ಬು ಹಾಕಿ, ಗೆದ್ದಲು ಹಿಡಿದು ತಿನ್ನಿಸಿ, ಅಂಗೈಯಲ್ಲೇ ಬೆಳೆಸಿದರು.

"ನನ್ನ ಕೂಸು ನೋಡವಾ, ಹೆಂಗ ನೋಡತದ!" ಎಂದು ನನಗೆ ತೋರಿಸುತ್ತಿದ್ದರು. ನಾನೂ ಆ ಮರಿಗೆ ಮರುಳಾಗಿದ್ದೆ. ನಾನು ಧಾರವಾಡದವಳು, ಮದುವೆಯಾಗಿ ಪುಣೆ ಕಡೆಗೆ ಬಂದವಳು. ಮನೆಯಲ್ಲೇ ಬ್ಲೌಸು ಹೊಲಿಯುತ್ತೇನೆ. ನಾನು ಹೊಲಿಯುವಾಗ ಅದು ಮಷಿನ್ನಿನ ಕೆಳಗೆ ಕೂತು ಬಿದ್ದ ದಾರದ ತುಂಡುಗಳನ್ನು ಕುಕ್ಕುತ್ತಿತ್ತು. ಅತ್ತೆ ಸಂತೆಗೆ ಹೋದರೆ ಗೇಟಿನ ಬಳಿ ನಿಂತು ಕೂಗುತ್ತಿತ್ತು. ಅವರು ಬಂದ ಮೇಲೆಯೇ ನೀರು ಕುಡಿಯುತ್ತಿತ್ತು.

ನವಿಲು ಸಾಕುವುದು ಅಪರಾಧ ಎಂದು ನಮಗೆ ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ದೊಡ್ಡದಾದ ಮೇಲೆ ತಾನೇ ತೋಟಕ್ಕೆ ಹೋಗುತ್ತದೆ ಎಂದುಕೊಂಡಿದ್ದೆವು. ರೆಕ್ಕೆ ಬಲಿತವು, ಮಾವಿನ ಗಿಡದ ಮೇಲೆ ಮಲಗುವುದನ್ನು ಕಲಿಯಿತು, ಕಾಂಪೌಂಡು ದಾಟಿ ಒಂದು ಸುತ್ತು ಹಾರಿಯೂ ಬಂತು. ಆದರೆ ಹೋಗಲಿಲ್ಲ.

ಮೂರನೆಯ ವರ್ಷ ಅದಕ್ಕೆ ಪೂರ್ತಿ ಗರಿ ಬಂದವು. ಬೇಸಿಗೆಯ ಒಂದು ಬೆಳಿಗ್ಗೆ ಅತ್ತೆ ಹಸಿರು ಇಳಕಲ್ ಸೀರೆ ಉಟ್ಟು ತುಳಸಿಗೆ ನೀರು ಹಾಕುತ್ತಿದ್ದರು. ಅದು ಅವರ ಮುಂದೆ ಬಂದು ಗರಿ ಬಿಚ್ಚಿ ನಿಂತಿತು. ಗರಿಗಳು ಅದುರುವ ಸದ್ದು ಒಣ ಎಲೆಗಳ ಮೇಲೆ ಮಳೆ ಬಿದ್ದಂತೆ ಕೇಳುತ್ತಿತ್ತು. ಅತ್ತೆಗೆ ಕಣ್ಣಲ್ಲಿ ನೀರು ಬಂತು. ನಾನು ಫೋನಿನಲ್ಲಿ ಫೋಟೋ ತೆಗೆಯಲು ಎರಡು ಹೆಜ್ಜೆ ಮುಂದೆ ಹೋದೆ. ಗರಿ ಮಡಚಿದ್ದು ಕಾಣಲಿಲ್ಲ. ಎದೆಯ ಮಟ್ಟಕ್ಕೆ ಹಾರಿ ಬಂದು ಕಾಲಿನಿಂದ ಒದೆಯಿತು. ನವಿಲಿನ ಕಾಲಿಗೆ ಹಿಂದೆ ಮೊಳೆಯಂಥ ಮುಳ್ಳು ಇರುತ್ತದೆ. ನನ್ನ ರವಿಕೆಯ ತೋಳು ಹರಿದು ರಕ್ತ ಬಂತು.

"ನೀ ಹಠಾತ್ ಮುಂದ ಬಂದೀ, ಅದು ಹೆದರ್‍ಯದ," ಅಂದರು ಅತ್ತೆ.

ಅದು ಹೆದರಿರಲಿಲ್ಲ. ಅಂದಿನಿಂದ ಅಂಗಳ ಅದರದಾಯಿತು. ಅದರ ಕಣ್ಣಿಗೆ ಅತ್ತೆ ತನ್ನ ಜೋಡಿ, ನಾನು ಅಡ್ಡ ಬರುವವಳು. ಬಟ್ಟೆ ಒಣಗಿಸಲು ಹೊರಗೆ ಹೋದರೆ ಗೋಡೆಯ ಮರೆಯಿಂದ ಓಡಿ ಬರುತ್ತಿತ್ತು. ಬಟ್ಟೆಯ ಹಗ್ಗವನ್ನು ಒಳಗೆ, ನಡುಮನೆಯಲ್ಲಿ ಕಟ್ಟಿದೆ. ಹೊಲಿಗೆಯ ಕೋಣೆಯಲ್ಲಿ ಗಿರಾಕಿಗಳು ನೋಡಿಕೊಳ್ಳಲು ನಿಲುವುಗನ್ನಡಿ ಇಟ್ಟಿದ್ದೆ. ಕಿಟಕಿಯಿಂದ ಅದರಲ್ಲಿ ತನ್ನನ್ನೇ ಕಂಡ ನವಿಲು ಇನ್ನೊಂದು ಗಂಡು ಬಂದಿದೆ ಎಂದುಕೊಂಡು ಗಾಜಿಗೆ ಹಾಯತೊಡಗಿತು. ಆ ಕಿಟಕಿಗೆ ಕಂಬಳಿ ಹೊದಿಸಿದೆ. ಹಗಲಿನಲ್ಲೂ ಲೈಟು ಹಾಕಿಕೊಂಡೇ ಹೊಲಿಯುತ್ತಿದ್ದೆ. ಕುಕ್ಕರ್ ಸೀಟಿ ಹೊಡೆದರೆ ಹೊರಗಿನಿಂದ ಅದು ಉತ್ತರ ಕೊಡುತ್ತಿತ್ತು.

ಯಾರಿಗೂ ಕಾಣಬಾರದೆಂದು ಕಾಂಪೌಂಡಿನ ಸುತ್ತ ಹಸಿರು ಬಲೆ ಕಟ್ಟಿಸಿದೆವು. ಗೇಟಿಗೆ ಸದಾ ಬೀಗ. ಬ್ಲೌಸಿಗೆ ಬರುವ ಹೆಂಗಸರು ಗೇಟಿನ ಮೇಲಿಂದ ಬಟ್ಟೆ ಕೊಡಬೇಕು, ನಾನು ಮೇಲಿಂದಲೇ ಇಸಿದುಕೊಳ್ಳಬೇಕು. "ಕುತ್ರಾ ಚಾವತೋ," ನಾಯಿ ಕಚ್ಚುತ್ತದೆ ಎಂದು ಹೇಳುತ್ತಿದ್ದೆ. ಎಂದೂ ಬೊಗಳದ ನಾಯಿ. ಕೂಗು ಕೇಳಿದರೆ ತೋಟದ ಕಡೆ ಕೈ ತೋರಿಸುತ್ತಿದ್ದೆ. ಅಳತೆ ಕೊಡಲು ಆಗದೆ ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ತವರಿನಿಂದ ತಂಗಿ ಬರುತ್ತೇನೆಂದಾಗ ಮನೆಗೆ ಬಣ್ಣ ಹಚ್ಚಿಸುತ್ತಿದ್ದೇವೆ ಎಂದೆ.

ಗಂಡ ಬೆಳಕು ಹರಿಯುವ ಮುಂಚೆ ಪುಣೆಗೆ ಬಸ್ಸು ಹಿಡಿದು ಕತ್ತಲಾದ ಮೇಲೆ ಬರುವವರು. ಅವರು ಹೋಗುವಾಗಲೂ ಬರುವಾಗಲೂ ನವಿಲು ಮಾವಿನ ಗಿಡದಲ್ಲಿ ಮಲಗಿರುತ್ತಿತ್ತು.

"ಗರಿ ಉದುರಿದ ಮ್ಯಾಲೆ ತಣ್ಣಗಾಗತದಂತ. ಮಳಿಗಾಲ ಮುಗೀಲಿ," ಎಂದರು.

ಅದು ನಿಜವೇ. ಮಳೆ ಮುಗಿಯುವ ಹೊತ್ತಿಗೆ ಗರಿಗಳು ಒಂದೊಂದಾಗಿ ಉದುರಿದವು, ನವಿಲು ಮೊಂಡು ಬಾಲದಲ್ಲಿ ನಾಚಿದಂತೆ ಬಾಳೆಗಿಡಗಳ ಹಿಂದೆ ಅಡಗಿತು. ನಾನು ಕಂಬಳಿ ತೆಗೆದೆ, ಹಗ್ಗವನ್ನು ಹೊರಗೆ ಕಟ್ಟಿದೆ. ಆದರೆ ಚಳಿಗಾಲದುದ್ದಕ್ಕೂ ಹೊಸ ಗರಿಗಳು ಬೆಳೆಯುವುದನ್ನು ನೋಡುತ್ತಲೇ ಇದ್ದೆ. ಅವು ಉದ್ದವಾದಷ್ಟೂ ನಾನು ಅಂಗಳಕ್ಕೆ ಇಳಿಯುವುದು ಕಡಿಮೆಯಾಯಿತು. ಹೋಳಿ ಕಳೆಯುವಷ್ಟರಲ್ಲಿ ಮತ್ತೆ ಒಳಗೆ ಸೇರಿದೆ.

ಈ ಸಲ ಅತ್ತೆಯೂ ಸಿಕ್ಕಿಬಿದ್ದರು. ಅವರು ಒಳಗೆ ಹೋದರೆ ಅದು ಬಾಗಿಲು ಕುಕ್ಕುತ್ತಿತ್ತು. ಮಧ್ಯಾಹ್ನದ ನಿದ್ದೆ ಇಲ್ಲ, ಸಂತೆ ಇಲ್ಲ, ಭಜನೆಗೂ ಹೋಗಲಿಲ್ಲ. ತೋಟದ ಕಡೆಯಿಂದ ಹೆಣ್ಣು ನವಿಲುಗಳು ಕಾಂಪೌಂಡಿನ ಮೇಲೆ ಬಂದು ಕೂರುತ್ತಿದ್ದವು. ನಾನು ಕಿಟಕಿಯ ಸಂದಿಯಿಂದ ದೇವರಲ್ಲಿ ಬೇಡಿಕೊಳ್ಳುತ್ತಿದ್ದೆ, ಹೋಗಲಿ, ಅವುಗಳ ಜೊತೆ ಹೋಗಲಿ ಎಂದು. ಅದು ಅವುಗಳ ಕಡೆ ತಿರುಗಿಯೂ ನೋಡದೆ ಅತ್ತೆಯ ಮುಂದೆ ಗರಿ ಬಿಚ್ಚುತ್ತಿತ್ತು.

"ಹೋಗೋ ಮಂಗ್ಯಾ, ಅಲ್ಲಿ ನೋಡು," ಎಂದು ಅತ್ತೆ ಬೆರಳು ತೋರಿಸುತ್ತಿದ್ದರು. ಅದು ಬೆರಳನ್ನೇ ನೋಡುತ್ತಿತ್ತು.

ಮಳೆ ಶುರುವಾದ ಮೇಲೆ, ಸಂತರ ಪಾದುಕೆ ಹೊತ್ತ ಪಾಲಖಿ ನಮ್ಮೂರಿಗೆ ಬಂದ ದಿನ ಎಲ್ಲವೂ ಬದಲಾಯಿತು. ಅದರ ಜೊತೆ ನಡೆದು ಬರುವ ಯಾತ್ರಿಕರು, ವಾರಕರಿಗಳು, ಊರಿನಲ್ಲಿ ತಂಗಿದಾಗ ಎಲ್ಲ ಮನೆಗಳ ಬಾಗಿಲೂ ತೆರೆದಿರುತ್ತವೆ. ಅತ್ತೆ ಪ್ರತಿ ವರ್ಷ ಅಂಗಳದಲ್ಲಿ ಚಾಪೆ ಹಾಸಿ ಝುಣಕ, ಭಾಕ್ರಿ ಬಡಿಸುತ್ತಿದ್ದರು. ಹಿಂದಿನ ವರ್ಷ ಗೇಟು ತೆರೆದಿರಲಿಲ್ಲ. ಈ ವರ್ಷವೂ ನಾನು ಗೇಟಿನ ಮೇಲಿಂದ ತಂಬಿಗೆಯಲ್ಲಿ ನೀರು ಕೊಡುತ್ತಿದ್ದೆ. ಅಷ್ಟರಲ್ಲಿ ಅತ್ತೆಯ ವಯಸ್ಸಿನ ಒಬ್ಬ ಹೆಂಗಸು ಮಳೆಯಲ್ಲಿ ತೊಯ್ದು, ಕಾಲು ಎಳೆಯುತ್ತ ಬಂದು, ಬಚ್ಚಲಿಗೆ ಹೋಗಬೇಕಿತ್ತು ಎಂದು ಮೆಲ್ಲಗೆ ಕೇಳಿದಳು. ನಾನು ನಾಯಿಯ ಮಾತು ಶುರು ಮಾಡಿದೆ. ನನ್ನ ಹಿಂದೆ ನಿಂತಿದ್ದ ಅತ್ತೆ ಬೀಗದ ಕೈ ಕಸಿದುಕೊಂಡು ಗೇಟು ತೆರೆದರು.

"ಯಾ ಮಾವುಲೀ," ಬಾ ತಾಯಿ ಎಂದು ಆ ಹೆಂಗಸಿನ ಕೈ ಹಿಡಿದು ಒಳಗೆ ಕರೆದರು.

ಅವರು ತುಳಸಿಕಟ್ಟೆಯವರೆಗೂ ಬಂದಿರಲಿಲ್ಲ. ನವಿಲು ಮನೆಯ ಮೂಲೆಯಿಂದ ನೆಲಕ್ಕೆ ತಲೆ ಬಗ್ಗಿಸಿ ಓಡಿ ಬಂತು. ಆ ಹೆಂಗಸು "ಮೋರ!", ನವಿಲು, ಎಂದು ನಕ್ಕು ಕೈ ಮುಗಿದಳು. ಅದು ಹಾರಿತು. ಅತ್ತೆ ನಡುವೆ ಬಂದರು. ಅವರ ಮುಂಗೈಯಿಂದ ಮೊಣಕೈವರೆಗೆ ಚರ್ಮ ಸೀಳಿತು. ನಾನು ಕೈಯಲ್ಲಿದ್ದ ತಂಬಿಗೆಯನ್ನು ಅದರ ಮೇಲೆ ಎಸೆದೆ. ತಾಗಲಿಲ್ಲ, ಆದರೆ ಅದು ಹಿಂದೆ ಸರಿಯಿತು. ಸರಿದು, ಅತ್ತೆಯ ಕಡೆ ತಿರುಗಿ, ಗರಿ ಬಿಚ್ಚಿ ಕುಣಿಯತೊಡಗಿತು. ಅತ್ತೆಯ ಬೆರಳುಗಳಿಂದ ರಕ್ತ ತೊಟ್ಟಿಕ್ಕುತ್ತಿತ್ತು.

ಒಳಗೆ ಆ ಹೆಂಗಸೇ ತನ್ನ ಗಂಟಿನಿಂದ ಒಣಗಿದ ಬಟ್ಟೆ ತೆಗೆದು ಅತ್ತೆಯ ಕೈ ಕಟ್ಟಿದಳು. ಬಚ್ಚಲಿಗೆ ಹೋಗಿ ಬಂದು ಚಹಾ ಕುಡಿದಳು. ಹೋಗುವಾಗ ಒಂದೇ ಮಾತು ಕೇಳಿದಳು: ಆ ನವಿಲಿಗೆ ಇಲ್ಲಿ ಒಂಟಿಯಾಗಿ ಬೇಸರ ಆಗುವುದಿಲ್ಲವೇ? ನವಿಲು ಮುಂಬಾಗಿಲು ಕುಕ್ಕುತ್ತಿದ್ದಾಗ ಅವಳನ್ನು ಹಿತ್ತಲ ಕಡೆಯಿಂದ ದಾಟಿಸಿ ಬಂದೆ.

ಅತ್ತೆ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದರು. ಬಾಗಿಲಾಚೆ ಕುಕ್ಕುವ ಸದ್ದು ನಡೆದೇ ಇತ್ತು.

"ಅರಣ್ಯದವರಿಗೆ ಫೋನ್ ಮಾಡವಾ," ಎಂದರು ಕೊನೆಗೆ. "ನಿನಗ ಹೊಡದಾಗ ಮಾಡಬೇಕಾಗಿತ್ತು. ನನಗ ಭಾಳ ಹಿತಾ ಆಗಿತ್ತು. ಯಾರರೆ ನನ್ನ ಹಿಂಗ ಕಾಯ್ದಿದ್ದು ಇದ ಮೊದಲು."

ಫೋನ್ ಮಾಡಿದೆ.

ಎರಡು ದಿನ ಬಿಟ್ಟು ಬಂದವರು ಇಬ್ಬರು. ನಮ್ಮನ್ನು ಹಿಡಿದುಕೊಂಡು ಹೋಗುತ್ತಾರೆ ಎಂದು ಗಂಡ ರಜೆ ಹಾಕಿ ಕೂತಿದ್ದರು. ಮೊಟ್ಟೆಯ ಕತೆ ಕೇಳಿ, ಅತ್ತೆಯ ಕೈಯ ಪಟ್ಟಿ ನೋಡಿ, ಹಿರಿಯ ಅಧಿಕಾರಿ ಚೆನ್ನಾಗಿ ಬೈದರು. ಮೊಟ್ಟೆ ಸಿಕ್ಕ ದಿನವೇ ಕರೆದಿದ್ದರೆ ಮರಿ ಕಾಡಿಗೆ ಹೋಗುತ್ತಿತ್ತು, ಈಗ ಇದನ್ನು ಬಿಡುವ ಹಾಗಿಲ್ಲ ಎಂದರು. ಬಿಟ್ಟರೆ ಯಾರದೋ ಅಂಗಳಕ್ಕೆ ಹೋಗಿ ಯಾರದೋ ಮಗುವಿನ ಕಣ್ಣು ಕಳೆಯುತ್ತದೆ. ಹಿಡಿಯಲು ಅವರು ಪಟ್ಟ ಪಾಡು ನೋಡಲಾಗದೆ ಅತ್ತೆಯೇ ಹೊರಗೆ ಹೋಗಿ ಕೂತರು. ಅದು ತಾನಾಗಿ ಬಂದು ಅವರ ಮಡಿಲ ಹತ್ತಿರ ನಿಂತಿತು. ಅತ್ತೆ ಸೆರಗನ್ನು ಅದರ ಕಣ್ಣ ಮೇಲೆ ಹೊದಿಸಿದರು. ಕತ್ತಲಾದದ್ದೇ ಅದು ಸುಮ್ಮನಾಯಿತು.

ಚಳಿಗಾಲದಲ್ಲಿ ಅನುಮತಿ ಪಡೆದು ಅದನ್ನು ಇಟ್ಟಿದ್ದ ರಕ್ಷಣಾ ಕೇಂದ್ರಕ್ಕೆ ನಾವಿಬ್ಬರೂ ಹೋದೆವು. ದೊಡ್ಡ ಬಲೆಯ ಮನೆ, ಒಳಗೆ ಗಿಡಗಳು, ಬೇರೆ ನವಿಲುಗಳೂ ಇದ್ದವು. ನಮ್ಮದು ಅವುಗಳಿಂದ ದೂರ, ಜನ ಓಡಾಡುವ ಬದಿಯ ಬಲೆಗೆ ಅಂಟಿಕೊಂಡು ಅತ್ತಿಂದಿತ್ತ ನಡೆಯುತ್ತಿತ್ತು. ಆ ಬದಿಯ ಹುಲ್ಲು ಸವೆದು ಮಣ್ಣು ಕಾಣುತ್ತಿತ್ತು. ಅತ್ತೆ ಮರದ ಮರೆಯಲ್ಲೇ ನಿಂತರು, ಮುಂದೆ ಹೋಗಲಿಲ್ಲ.

"ಮಾತಾಡಸ್ರೀ," ಎಂದೆ.

"ಬ್ಯಾಡ. ನನ್ನ ನೋಡಿದ್ರ ಮತ್ತ ಕಾಯಕೋತ ಕೂಡತದ."

ಅದು ಬಲೆಯ ತುದಿಗೆ ಹೋಗಿ ತಿರುಗಿತು, ಈ ತುದಿಗೆ ಬಂದು ತಿರುಗಿತು. ಸ್ವಲ್ಪ ಹೊತ್ತು ನೋಡಿ, ಅತ್ತೆ ಚಪ್ಪಲಿ ಸದ್ದಾಗದಂತೆ ಹೆಜ್ಜೆಯಿಡುತ್ತ ಗೇಟಿನ ಕಡೆ ನಡೆದರು. ನಾನು ಅವರ ಹಿಂದೆ ಹೋದೆ.