ಒಂದೇ ಗಿಡದ ತೋಟ

ಗಂಡನಿಗೆ ವಡೋದರಾಕ್ಕೆ ವರ್ಗವಾದ ಮೇಲೆ ನನಗೂ ಫತೇಗಂಜಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಮರದ ಮೇಲೆ ಬೆಳೆಯುವ ಕಾಡು ಆರ್ಕಿಡ್‌ಗಳ ಕೆಲಸ. ನಮ್ಮೂರ ಕಡೆ ಸೀತಾಳೆ ದಂಡೆ ಅನ್ನುತ್ತೇವಲ್ಲ, ಅದೇ ಬಳಗದ್ದು. ನೋಡಲು ಒಂದೇ ಥರ ಇರುವ ಗಿಡಗಳು ವಂಶದಲ್ಲಿ ಎಷ್ಟು ಬೇರೆ ಬೇರೆ ಎಂದು ತಿಳಿದರೆ ತಾನೆ ಯಾವುದನ್ನು ಉಳಿಸಬೇಕೆಂದು ಹೇಳಲು ಆಗುವುದು?

ಸೂರತ್ ದಾಟಿದ ಮೇಲೆ ಒಂದು ರಸ್ತೆಯ ಬದಿಗೆ ಹಳೆಯ ಇಪ್ಪೆ ಮರಗಳ ಸಾಲಿತ್ತು. ರಸ್ತೆ ಅಗಲವಾಗುವುದರಿಂದ ಮಳೆಗಾಲ ಮುಗಿದೊಡನೆ ಮರಗಳನ್ನು ಕಡಿಯಲಿದ್ದರು. ಅವುಗಳ ಮೇಲಿನ ಆರ್ಕಿಡ್‌ಗಳನ್ನು ಇಳಿಸಿ ಪಕ್ಕದ ಮಾವಿನ ತೋಟಕ್ಕೆ ಸಾಗಿಸುವುದೆಂದು ಮಾತಾಗಿತ್ತು. ತೋಟದ ಯಜಮಾನರು, ನಾವೆಲ್ಲ ಕಾಕಾ ಅನ್ನುತ್ತಿದ್ದೆವು, ಸಂತೋಷದಿಂದಲೇ ಒಪ್ಪಿದ್ದರು. ನನ್ನನ್ನು ಅವರು ಬೆನ್, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು.

ಪ್ರತಿ ಗಿಡದಿಂದ ಉಗುರಿನಷ್ಟು ಎಲೆ ಕತ್ತರಿಸಿ, ತೇವ ಹೀರುವ ನೀಲಿ ಹರಳುಗಳ ಪೊಟ್ಟಣದಲ್ಲಿ ಹಾಕಿ ರೈಲಿನಲ್ಲಿ ತಂದೆ. ಮಳೆಗೆ ಹರಳುಗಳೆಲ್ಲ ತೇವ ಕುಡಿದು ಗುಲಾಬಿ ಬಣ್ಣವಾಗಿದ್ದವು. ಎಲೆಗಳನ್ನು ಬೇರೆ ಹರಳಿಗೆ ಹಾಕಿ, ಈ ಹರಳುಗಳನ್ನು ಒಣಗಿ ಮತ್ತೆ ನೀಲಿಯಾಗಲೆಂದು ಮನೆಯಲ್ಲಿ ಅದಕ್ಕೆಂದೇ ಇಟ್ಟ ಹಳೆಯ ಬಾಣಲೆಯಲ್ಲಿ ಕಾಯಿಸುತ್ತಾ ನಿಂತಿದ್ದೆ. ಗಂಡ ಇಣುಕಿ ನೋಡಿ, "ಎಂಥ ಮಾರಾಯ್ತಿ, ಒಗ್ಗರಣೆ ಸಹ ಹಾಕ್ತೀಯಾ ಅದಕ್ಕೆ?" ಎಂದರು. ನಗು ಬರಲಿಲ್ಲ.

ಪರೀಕ್ಷೆ ಮುಗಿದಾಗ ಬೇಸರವೇ ಆಯಿತು. ಸಾಲಿನ ಮೊದಲ ಮರಗಳಲ್ಲಿ ಮೈತುಂಬಿಕೊಂಡಿದ್ದ ದಪ್ಪ ಗಿಡಗಳೆಲ್ಲ ಒಂದೇ ಗಿಡದ ತುಂಡುಗಳು. ಹಿಂದೆ ಯಾರೋ ಸೀಳಿ ಕಟ್ಟಿರಬೇಕು. ಒಂದರಂತೆ ಇನ್ನೊಂದಿಲ್ಲದವು ಕೊನೆಯ ಮರಗಳ ಸಣಕಲು ಗಿಡಗಳು ಮಾತ್ರ. ಕೂಡಲೇ ಕಾಕಾಗೆ ಫೋನು ಮಾಡಿ, ಮೊದಲು ಸಣಕಲನ್ನು ಇಳಿಸಿ ಎಂದೆ.

"ಅರೆ ಬೆನ್, ಯಾಕೆ ಚಿಂತೆ? ಮರ ಕಡಿಯೋರು ಮೊದಲೇ ಬಂದುಬಿಟ್ರು. ನಾನೇ ನಿಂತು ಎಲ್ಲ ಉಳಿಸಿದೀನಿ. ಬಂದು ನೋಡಿ!"

ಹೋಗಿ ನೋಡಿದೆ. ಒಂದೊಂದು ಮಾವಿನ ಮರಕ್ಕೂ ತೆಂಗಿನ ನಾರಿನಲ್ಲಿ ಅಚ್ಚುಕಟ್ಟಾಗಿ ಆರ್ಕಿಡ್ ಕಟ್ಟಿದ್ದರು. ಎಲ್ಲವೂ ದಪ್ಪ ಗಿಡಗಳೇ.

"ಸಣ್ಣವು ಎಲ್ಲಿ ಕಾಕಾ?"

"ಆ ರೋಗಿಷ್ಠ ಗಿಡಗಳಾ? ಕೊಂಬೆ ಜತೆ ಸೌದೆಗೆ ಹೋದ್ವು. ಒಳ್ಳೇದನ್ನೇ ಆರಿಸಿ, ಸೀಳಿ ಸೀಳಿ ಕಟ್ಟಿದೀನಿ. ಕೇಸರ್ ಮಾವಿಗೂ ಹಾಗೇ ಅಲ್ವಾ? ಚೆನ್ನಾಗಿ ಬಿಡೋ ಮರದ ಕಡ್ಡೀನೇ ಕಸಿ ಕಟ್ಟೋದು."

ಅವರ ಅಪ್ಪ, ಅಜ್ಜ ಆ ತೋಟವನ್ನು ಎಬ್ಬಿಸಿದ್ದೇ ಹಾಗೆ. ಆದರೂ ಹೇಳಿದೆ. ಇವೆಲ್ಲ ಸೇರಿದರೂ ಒಂದೇ ಗಿಡ, ನಾಳೆ ಒಂದಕ್ಕೆ ಬಂದ ರೋಗ ಎಲ್ಲದಕ್ಕೂ ಬರುತ್ತದೆ, ಕಾಯಿ ಕಟ್ಟಲೂ ಬೇರೆ ಗಿಡದ ಪರಾಗ ಬೇಕು ಎಂದೆ. ಕಾಕಾ ಮರದಿಂದ ಮರಕ್ಕೆ ಕಣ್ಣು ಹಾಯಿಸಿ, "ಇಷ್ಟೊಂದು ಇವೆಯಲ್ಲ, ಒಂದು ಹೇಗಾಗುತ್ತೆ?" ಎಂದು ಕೇಳಿ, ಹೆಂಡತಿಗೆ ಚಹಾ ಇಡಲು ಹೇಳಿದರು. ಆ ಚಹಾ ಕುದಿದದ್ದೂ ಇಪ್ಪೆಯ ಸೌದೆಯ ಮೇಲೆಯೇ.

ಸಣಕಲು ಗಿಡಗಳ ಎಲೆ ಈಗಲೂ ಪೊಟ್ಟಣಗಳಲ್ಲಿದೆ. ವಂಶವೇನೋ ಗೊತ್ತು, ಗಿಡವಿಲ್ಲ. ಒಣ ಎಲೆಯಿಂದ ಗಿಡ ಎಬ್ಬಿಸಲು ಬರುವುದಿಲ್ಲ. ಆದರೂ ಹರಳು ಗುಲಾಬಿಯಾದರೆ ಬಾಣಲೆ ಇಡುತ್ತೇನೆ.

ಈ ಸಲದ ಹೂವಿನ ಕಾಲಕ್ಕೆ ಕಾಕಾ ಫೋನು ಮಾಡಿದ್ದರು. ತೋಟವೆಲ್ಲ ಘಮ್ಮೆನ್ನುತ್ತಿದೆಯಂತೆ. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಬೆನ್, ಇಷ್ಟು ಹೂ ಬಿಟ್ಟರೂ ಒಂದೂ ಕಾಯಿ ಕಟ್ಟಲಿಲ್ಲ. ಬೇರೆ ಗಿಡದ ಪರಾಗ ಬೇಕು ಅಂದಿದ್ರಲ್ಲ, ಎಲ್ಲಾದರೂ ಒಂದು ಸಿಗುತ್ತಾ?"

ಹುಡುಕುತ್ತಿದ್ದೇನೆ ಎಂದೆ.