ದೀಪ ಆರದ ಬಾವಿ

ಕೋವಿಡ್ ಕಳೆದು ಕಾಲೇಜುಗಳು ಪೂರ್ತಿಯಾಗಿ ತೆರೆದ ಎರಡನೆಯ ವರ್ಷ. ಆಗ ನಾನು ಸೇಡಂನ ಒಂದು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿಯಾಗಿದ್ದೆ. ಎನ್‌ಎಸ್‌ಎಸ್ ಶಿಬಿರಕ್ಕೆ ಹೆಣ್ಣುಮಕ್ಕಳ ಜೊತೆಗೆ ಒಬ್ಬ ಅಧ್ಯಾಪಕಿ ಬೇಕೆಂದು ನನ್ನನ್ನೂ ಕಳಿಸಿದ್ದರು. ಶಿಬಿರದ ಜವಾಬ್ದಾರಿ ಹೊತ್ತವರು ಇತಿಹಾಸದ ಅಧ್ಯಾಪಕ ಶರಣಪ್ಪ ಸರ್.

ನಾನು ಓದುವ ಕಾಲದಲ್ಲಿ ಕಾಲೇಜು ಅಂದರೆ ತರಗತಿ, ಪರೀಕ್ಷೆ, ಫಲಿತಾಂಶ. ಹೊರಗಿನ ಊರಿಗೆ ಕಾಲೇಜು ಏನು ಮಾಡಿತು ಎಂದು ಯಾರೂ ಕೇಳುತ್ತಿರಲಿಲ್ಲ. ಈಗ ಕೇಳುತ್ತಾರೆ. ಮೌಲ್ಯಮಾಪನಕ್ಕೆ ಬರುವ ಸಮಿತಿಗೆ ಸಮಾಜಸೇವೆಯ ಪುರಾವೆ ತೋರಿಸಬೇಕು. ಆ ಪುರಾವೆ ಎಂದರೆ ಜಿಯೋ ಟ್ಯಾಗ್ ಇರುವ ಫೋಟೋ, ಅಂದರೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಚಿತ್ರದ ಮೇಲೆಯೇ ಅಚ್ಚಾಗಿರುವ ಫೋಟೋ. ಶಿಬಿರಕ್ಕೆ ಹೊರಡುವಾಗ ಪ್ರಿನ್ಸಿಪಾಲರು ನಗುತ್ತಲೇ ಹೇಳಿದ್ದರು: "ಕೆಲಸ ಎಲ್ಲಾರೂ ಮಾಡ್ತಾರ್ರಿ. ಫೋಟೋ ಚೊಲೋ ಬರಬೇಕು."

ಏಳು ದಿನದ ಆ ಶಿಬಿರ ನಡೆದದ್ದು ಚಿತ್ತಾಪುರ ತಾಲ್ಲೂಕಿನಲ್ಲಿ, ವಾಡಿಯಿಂದ ಹೆಚ್ಚು ದೂರವಿಲ್ಲದ ಒಂದು ಸಣ್ಣ ಊರಿನಲ್ಲಿ. ಅಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪದರಗಳನ್ನೇ ಕಡಿದು ತೋಡಿದ ಒಂದು ಹಳೆಯ ಬಾವಿ ಇತ್ತು. ನಳ ಬಂದ ಮೇಲೆ ಊರಿನವರು ಅದನ್ನು ಮರೆತಿದ್ದರು. ಬೇಸಿಗೆಯಲ್ಲಿ ನಳ ಕೈಕೊಟ್ಟಾಗ ದನಕರುಗಳಿಗಾದರೂ ಆದೀತು, ಹೂಳು ತೆಗೆದುಕೊಡಿ ಎಂದು ಅವರೇ ಕೇಳಿದ್ದರು. ಸುಮಾರು ಐವತ್ತು ಅಡಿ ಆಳ, ಅಗಲ ಕಡಿಮೆ. ಒಂದು ಪಕ್ಕದಲ್ಲಿ ಗೋಡೆಯಿಂದ ಹೊರಚಾಚಿದ ಕಲ್ಲುಗಳೇ ಮೆಟ್ಟಿಲು. ನಡುವೆ, ಒಬ್ಬಿಬ್ಬರು ನಿಲ್ಲುವಷ್ಟು ಒಂದು ಕಟ್ಟೆ.

ನೀರು ಹೊರಹಾಕಲು ಬಾಡಿಗೆಗೆ ಪೆಟ್ರೋಲ್ ಪಂಪು ತಂದಿದ್ದರು, ಇಬ್ಬರು ಎತ್ತಬಹುದಾದಂಥದ್ದು. ಇಂಥ ಪಂಪು ಇಪ್ಪತ್ತೈದು ಅಡಿಗಿಂತ ಕೆಳಗಿನ ನೀರನ್ನು ಮೇಲಕ್ಕೆ ಎಳೆಯಲಾರದು. ನೂಕುವುದಾದರೆ ಅದಕ್ಕಿಂತ ಎಷ್ಟೋ ಮೇಲಕ್ಕೆ ನೂಕುತ್ತದೆ. ಹಾಗಾಗಿ ನಮ್ಮ ಕಡೆ ಪಂಪಿನ ಎಂಜಿನ್ನನ್ನು ಬಾವಿಯೊಳಗಿನ ಕಟ್ಟೆಯ ಮೇಲೆ ಇಳಿಸಿಟ್ಟು ಓಡಿಸುವುದು ರೂಢಿ. ಅವತ್ತು ಬೆಳಿಗ್ಗೆಯೂ ಹಾಗೆಯೇ ಓಡಿಸಿದ್ದರು. ನಾನು ಹುಡುಗಿಯರೊಂದಿಗೆ ಊರೊಳಗೆ ಆರೋಗ್ಯ ಸಮೀಕ್ಷೆಯಲ್ಲಿದ್ದೆ. ಎಂಜಿನ್ನಿನ ಸದ್ದು ಊಟದ ಹೊತ್ತಿನವರೆಗೂ ಕೇಳಿಸುತ್ತಿತ್ತು.

ಊಟ ಮುಗಿಸಿ ನಾವು ಬಾವಿಯ ಕಡೆ ಬಂದಾಗ ಹುಡುಗರೆಲ್ಲ ದಂಡೆಯ ಮೇಲೆ ಬಗ್ಗಿ ನಗುತ್ತಿದ್ದರು. ತಳ ಕಂಡಿದೆ, ಕೆಳಗಿನಿಂದ ಮೇಲಕ್ಕೆ ಒಂದು ಒಳ್ಳೆಯ ಫೋಟೋ ಬರುತ್ತದೆ ಎಂದು ಚಿಮ್ಮನಚೋಡದ ಅಂಬರೀಶ ಫೋನು ಹಿಡಿದು ಇಳಿದಿದ್ದ. ಬಿಎಸ್ಸಿ ಎರಡನೆಯ ವರ್ಷದವನು, ನನ್ನದೇ ತರಗತಿಯವನು. ಕೆಳಗೆ ಗೋಡೆಗೆ ಒರಗಿ ಕುಳಿತಿದ್ದ.

"ಏ ಅಂಬ್ಯಾ, ಉಂಡಿದ್ದು ಹೆಚ್ಚಾಗ್ಯಾದೇನಲೇ? ತಣ್ಣಗ ಅದ ಅಂತ ಅಲ್ಲೇ ಮಲಗಬ್ಯಾಡ!"

"ಮಾರಿ ತೊಳ್ಕೊಂಡು ಫೋಟೋ ತಗೀಲೇ!"

ಅಂಬರೀಶನ ತಲೆ ನಿಧಾನವಾಗಿ ಎದೆಯ ಮೇಲೆ ವಾಲಿತು. ಆಮೇಲೆ ಇಡೀ ಮೈ ಪಕ್ಕಕ್ಕೆ ಜಾರಿತು. ನಗು ನಿಂತದ್ದು ಒಮ್ಮೆಲೇ ಅಲ್ಲ. ಹಿಂದೆ ನಿಂತವರು ಇನ್ನೂ ನಗುತ್ತಲೇ ಇದ್ದರು.

ಶರಣಪ್ಪ ಸರ್ ಚಪ್ಪಲಿ ಬಿಟ್ಟು ಮೊದಲ ಕಲ್ಲಿನ ಮೇಲೆ ಕಾಲಿಟ್ಟೇಬಿಟ್ಟಿದ್ದರು. ನಾನು ಅವರ ಅಂಗಿ ಹಿಡಿದೆಳೆದೆ.

"ಎಂಜಿನ್ ಎಲ್ಲಿಟ್ಟಿದ್ರಿ ಸರ್?"

"ಒಳಗ, ಕಟ್ಟಿ ಮ್ಯಾಗ. ಯಾಕ್ರಿ?"

"ಇಳೀಬ್ಯಾಡ್ರಿ. ಯಾರೂ ಇಳೀಬ್ಯಾಡ್ರಿ!"

ಪೆಟ್ರೋಲು ಅರೆಬರೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಡುವವನಿಗೆ ಉಸಿರು ಕಟ್ಟಿದ ಹಾಗೆ ಅನಿಸುವುದೇ ಇಲ್ಲ, ಕೈಕಾಲಿನ ಬಲ ಹೋಗಿಬಿಡುತ್ತದೆ. ಪ್ರತಿ ವರ್ಷ ಇದನ್ನು ಎರಡು ಅಂಕದ ಪ್ರಶ್ನೆಯಾಗಿ ಬರೆಸುತ್ತೇನೆ. ಗಾಳಿಯಾಡದ ಆ ಕಿರಿದಾದ ಬಾವಿಯಲ್ಲಿ ಎಂಜಿನ್ ಬೆಳಗಿನಿಂದ ಓಡಿತ್ತು.

ಅಷ್ಟರಲ್ಲಿ ಊರಿನವರು ಓಡಿ ಬಂದರು. ನಾನು ಮೆಟ್ಟಿಲ ಕಲ್ಲಿಗೆ ಅಡ್ಡವಾಗಿ ಕೈ ಚಾಚಿ ನಿಂತಿದ್ದೆ. ಒಬ್ಬಾಕೆ ನನ್ನ ಭುಜ ಹಿಡಿದು ಅಲುಗಾಡಿಸಿದಳು.

"ಸರೀ ಅತ್ಲಾಗ! ಹುಡುಗ ಸಾಯಾಕತ್ತಾನ, ನೀ ಇಲ್ಲಿ ಪಾಠ ಹೇಳಾಕತ್ತೀಯೇನು?"

"ಒಳಗ ಕೆಟ್ಟ ಗಾಳಿ ಅದ ಯಕ್ಕಾ. ಹೋದವ್ರೂ ಬೀಳ್ತಾರ."

ಗುಂಪಿನಲ್ಲಿದ್ದ ಒಬ್ಬ ಮುತ್ಯಾ ಮುಂದೆ ಬಂದರು. ಹಳೆಯ ಬಾವಿಗೆ ಇಳಿಯುವ ಮೊದಲು ದೀಪ ಬಿಟ್ಟು ನೋಡುವುದು ಅವರ ಕಾಲದ ಪದ್ಧತಿ. ಪಕ್ಕದ ಹಣಮಪ್ಪನ ಗುಡಿಯಿಂದ ದೀಪ ತಂದು, ಬಕೀಟಿನಲ್ಲಿಟ್ಟು, ಹೂಳು ಎತ್ತುವ ರಾಟೆಯ ಹಗ್ಗಕ್ಕೆ ಕಟ್ಟಿ ಇಳಿಸಿದರು. ಎಲ್ಲರೂ ಬಗ್ಗಿ ನೋಡಿದರು. ದೀಪ ಕಟ್ಟೆ ದಾಟಿತು, ತಳ ಮುಟ್ಟಿತು. ಅಂಬರೀಶನ ಕಾಲ ಪಕ್ಕದಲ್ಲಿ ನೆಟ್ಟಗೆ ಉರಿಯುತ್ತಿತ್ತು.

"ನೋಡ್ರಿ! ದೀಪ ಉರಿಯಾಕತ್ಯಾದ. ಗಾಳಿ ಚೊಲೋ ಅದ. ಬಿಡ್ರಿ ಹಾದಿ!" ಎಂದು ಗುಂಪು ಕೂಗಿತು.

ಇಂದಿಗೂ ನನ್ನ ಕಣ್ಣ ಮುಂದೆ ಬರುವುದು ಆ ದೀಪವೇ. ಆಮ್ಲಜನಕ ಕಡಿಮೆಯಾಗಿದ್ದರೆ ದೀಪ ಆರುತ್ತದೆ, ಮುತ್ಯಾನ ಪರೀಕ್ಷೆ ಅದಕ್ಕೆ ಸರಿ. ಮೊನಾಕ್ಸೈಡ್ ಮನುಷ್ಯನನ್ನು ಕೊಲ್ಲುವಷ್ಟಿದ್ದರೂ ದೀಪಕ್ಕೆ ಏನೂ ಆಗುವುದಿಲ್ಲ. ಇದು ನನಗೆ ಗೊತ್ತಿತ್ತು. ಆದರೆ ಊರಿಗೆ ಊರೇ ಕಣ್ಣಾರೆ ಕಂಡದ್ದನ್ನು ನಾನೊಬ್ಬಳು ಸುಳ್ಳು ಅನ್ನಬೇಕಿತ್ತು. ನನ್ನ ಊಹೆ ತಪ್ಪಾಗಿದ್ದರೆ? ಬಿಸಿಲಿಗೆ ತಲೆ ತಿರುಗಿ ಬಿದ್ದಿದ್ದರೆ? ಹಾವು ಕಚ್ಚಿದ್ದರೆ? ಹಾಗಾದರೆ ಹುಡುಗನನ್ನು ಕೊಂದವಳು ನಾನೇ.

"ದೀಪ ಉರಿದರೂ ಮನಷ್ಯಾ ಬೀಳ್ತಾನ್ರಿ," ಎಂದೆ. ಹುಡುಗಿಯರ ಕಡೆ ತಿರುಗಿ, "ಒಳಗ ಗಾಳಿ ಹೊಡೀಬೇಕು. ದೊಡ್ಡ ಫ್ಯಾನ್ ಎಲ್ಲಿ ಸಿಗ್ತದ?" ಎಂದು ಕೂಗಿದೆ.

ಶಹಾಬಾದಿನ ಭಾಗ್ಯಶ್ರೀ ಮುಂದೆ ಬಂದಳು. "ಮೇಡಂ, ಕಂಪ್ರೆಸರ್ ಟ್ರ್ಯಾಕ್ಟರ್ ನಡೀತದೇನ್ರಿ? ರಸ್ತೆ ಬಾಜೂ ಕಲ್ಲಿನ ಖಣ್ಯಾಗ ಅದ, ಮುಂಜಾನೆ ನೋಡೀನಿ."

ಕಲ್ಲು ಕೊರೆಯುವ ಡ್ರಿಲ್ಲಿಗೆ ಗಾಳಿ ಒತ್ತುವ ಯಂತ್ರ ಅದು. ಉದ್ದನೆಯ ಪೈಪು ಇರುತ್ತದೆ. ನಾನು ತಲೆಯಾಡಿಸುವಷ್ಟರಲ್ಲಿ ಅವಳು ಯಾರದೋ ಬೈಕಿನ ಹಿಂದೆ ಹತ್ತಿ ಹೋಗಿಯಾಗಿತ್ತು.

ಅಂಬರೀಶನ ಗೆಳೆಯ ರಫೀಕ್ ಅಷ್ಟು ಹೊತ್ತು ಕಾಯಲಿಲ್ಲ. "ಅಂವ ನನ್ನ ದೋಸ್ತ್ ಅದಾನ್ರಿ ಮೇಡಂ," ಎಂದವನೇ ನನ್ನ ಕೈಯ ಕೆಳಗಿನಿಂದ ನುಸುಳಿದ. "ಹಗ್ಗ! ಹಗ್ಗ ಕಟ್ರಿ ಅವನಿಗೆ!" ಎಂದು ಚೀರಿದೆ. ಶರಣಪ್ಪ ಸರ್ ಹಾರಿ ಅವನ ಕಾಲರು ಹಿಡಿದು, ಬಗಲ ಕೆಳಗೆ ಹಗ್ಗ ಬಿಗಿದೇ ಬಿಟ್ಟರು. ರಫೀಕ್ ಅವರ ಹಿಡಿತ ಕೊಸರಿಕೊಂಡು ಸರಸರ ಇಳಿದ. ತಳ ಮುಟ್ಟಿ, ಅಂಬರೀಶನ ತೋಳಿಗೆ ಕೈ ಹಾಕಿ ಎತ್ತಲು ನೋಡಿದ. ಒಮ್ಮೆ ಮೇಲೆ ನೋಡಿದ. ಆ ಮುಖದಲ್ಲಿ ಹೆದರಿಕೆ ಇರಲಿಲ್ಲ, ಏನೋ ಮರೆತವನ ಹಾಗಿತ್ತು. ಮತ್ತೆ ಬಗ್ಗಿದವನು ಹಾಗೆಯೇ ಮಂಡಿಯೂರಿ ಕುಳಿತ.

"ಎಳೀರಿ!"

ಆರೇಳು ಜನ ಹಗ್ಗ ಎಳೆದರು. ರಫೀಕ್ ಗೋಡೆಗೆ ತಾಗುತ್ತಾ, ಚೀಲದ ಹಾಗೆ ಮೇಲೆ ಬಂದ. ಮಣ್ಣಿನ ಮೇಲೆ ಮಲಗಿಸಿದಾಗ ವಾಂತಿ ಮಾಡಿಕೊಂಡು, "ತಲಿ ಸೀಳಾಕತ್ಯಾದ," ಎಂದು ಅತ್ತ. ಕೆಳಗೆ ದೀಪ ಇನ್ನೂ ಉರಿಯುತ್ತಿತ್ತು. ಆಮೇಲೆ ನನ್ನ ಜೊತೆ ಯಾರೂ ವಾದಿಸಲಿಲ್ಲ. ಇನ್ನು ಮುಂದಿನ ಮಾತು ನಾನೇ ಹೇಳಬೇಕಿತ್ತು.

ಟ್ರ್ಯಾಕ್ಟರ್ ಬಂತು. ಅದರ ಹೊಗೆಯೂ ಬಾವಿಗೆ ಇಳಿಯಬಾರದೆಂದು ಗಾಳಿ ಬೀಸುವ ದಿಕ್ಕು ನೋಡಿ ದೂರ ನಿಲ್ಲಿಸಿದೆವು. ಪೈಪಿನ ತುದಿಗೆ ಕಲ್ಲು ಕಟ್ಟಿ ಅಂಬರೀಶನ ಮುಖದ ಹತ್ತಿರಕ್ಕೆ ಇಳಿಸಿದೆವು. ಗಾಳಿ ಭೋರೆಂದು ಹೊಡೆಯಿತು, ದೀಪ ಆಗ ಆರಿತು. ಅಂಬರೀಶನ ಕೂದಲು ಹಾರಾಡುತ್ತಿತ್ತು. ಉಳಿದ ಮೈ ಅಲುಗಾಡಲಿಲ್ಲ.

ಶರಣಪ್ಪ ಸರ್ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನಿಂತಿದ್ದರು.

"ಈಗ?"

"ಬ್ಯಾಡ್ರಿ."

ಎಷ್ಟು ಹೊತ್ತು ಗಾಳಿ ಹೊಡೆದರೆ ಸಾಕು ಎಂದು ನಾನು ಓದಿದ ಯಾವ ಪುಸ್ತಕವೂ ಹೇಳಿರಲಿಲ್ಲ. ಅಳೆಯುವ ಉಪಕರಣ ನಮ್ಮ ಪ್ರಯೋಗಾಲಯದಲ್ಲೂ ಇರಲಿಲ್ಲ. ಬೇಗ ಕಳಿಸಿದರೆ ಇಬ್ಬರು ಹೋಗುತ್ತಾರೆ, ತಡಮಾಡಿದರೆ ಅಂಬರೀಶ ಹೋಗುತ್ತಾನೆ.

"ಮೇಡಂ, ಈಗ?"

"ಇನ್ನೂ ಒಂಚೂರು."

"ನಾ ಇತಿಹಾಸದಾಂವ. ನಿಮ್ಮ ಮಾತಿನ ಮ್ಯಾಗೇ ಇಳ್ಯಾಕತ್ತೀನಿ," ಎಂದರು. ಹಗ್ಗದ ಗಂಟನ್ನು ಮತ್ತೊಮ್ಮೆ ಎಳೆದು ನೋಡಿದರು.

"ಹೋಗ್ರಿ," ಎಂದೆ.

ಅವರು ಇಳಿದರು. ಪ್ರತಿ ಕಲ್ಲಿಗೂ ನಾನು ಅವರ ಹೆಸರು ಕೂಗುತ್ತಿದ್ದೆ, ಅವರು "ಹ್ಞೂಂ" ಅನ್ನುತ್ತಿದ್ದರು. ತಳದಲ್ಲಿ ಪೈಪಿನ ಬಾಯಿಗೆ ಮುಖ ಕೊಟ್ಟು, ಅಂಬರೀಶನಿಗೆ ಎರಡನೆಯ ಹಗ್ಗ ಕಟ್ಟಿದರು. ಮೊದಲು ಅವನು ಬಂದ, ಹಿಂದೆಯೇ ಅವರು. ಅಂಬರೀಶನ ಮೂಗಿಗೆ ಕೆನ್ನೆ ತಂದೆ. ಉಸಿರಿತ್ತು, ಇದೆಯೋ ಇಲ್ಲವೋ ಎಂಬಷ್ಟು.

ಹುಡುಗರು ಫೋನ್ ಮಾಡಿ ಕರೆಸಿದ್ದ ಆಂಬುಲೆನ್ಸಿನಲ್ಲಿ ಅವನ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದ ಸಿಬ್ಬಂದಿಯ ಮುಖ ಅರಳಿತು. "ಸ್ಯಾಚುರೇಷನ್ ಭಾಳ ಚೊಲೋ ಅದ ಮೇಡಂ, ಆಕ್ಸಿಜನ್ ಕಮ್ಮಿ ಮಾಡ್ಲೇನ್ರಿ?" ಕೋವಿಡ್ ನಂತರ ಆ ಪುಟ್ಟ ಪರದೆಯ ಅಂಕಿಯನ್ನು ನಂಬದವರಿಲ್ಲ. ಆದರೆ ಹಿಮೋಗ್ಲೋಬಿನ್ನಿಗೆ ಅಂಟಿರುವುದು ಆಮ್ಲಜನಕವೋ ಮೊನಾಕ್ಸೈಡೋ ಎಂದು ಆ ಸಾಧನ ಬೇರ್ಪಡಿಸಿ ಹೇಳಲಾರದು. ಅದೂ ಉರಿಯುವ ದೀಪದಂತೆಯೇ. ವಿಷಯ ಹೇಳಿದೆ. ಅವರು ಕೂಡಲೇ ಆಕ್ಸಿಜನ್ ಪೂರ್ತಿ ತಿರುಗಿಸಿದರು. ಕಲಬುರಗಿ ಮುಟ್ಟುವವರೆಗೂ ನಾನು ಅವನ ಎದೆಯ ಏರಿಳಿತವನ್ನೇ ನೋಡುತ್ತಿದ್ದೆ.

ಸಂಜೆ ಅಂಬರೀಶನ ತಂದೆ ಹಣಮಂತಪ್ಪ ಆಸ್ಪತ್ರೆಗೆ ಬಂದರು. ಮಗನಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಅವನನ್ನು ನೋಡಿ ಬಂದು ನನ್ನ ಮುಂದೆ ನಿಂತರು.

"ನೀವೇ ಏನ್ರಿ, ಇಳೀಬ್ಯಾಡ್ರಿ ಅಂದವ್ರು?"

"ಹೌದ್ರಿ."

"ತಪ್ಪು ಅನ್ನಂಗಿಲ್ಲ. ಆದ್ರ ನಾ ಅಲ್ಲಿದ್ದಿದ್ರ ನಿಮ್ಮನ್ನ ದೂಡಿ ಇಳೀತಿದ್ದೆ."

"ಗೊತ್ತದ್ರಿ," ಎಂದೆ.

ಬೆಂಚಿನ ಮೇಲೆ ಕುಳಿತು ಅವರು ಎಲ್ಲವನ್ನೂ ಕೇಳಿದರು. ಎಂಜಿನ್, ಹೊಗೆ, ದೀಪ, ರಕ್ತ. ಎಲ್ಲ ಮುಗಿದ ಮೇಲೆ ಅಂದರು: "ನಮ್ಮ ಹೊಲದ ಬಾವ್ಯಾಗೂ ಎಂಜಿನ್ ಒಳಗೇ ಅದ್ರಿ. ಮ್ಯಾಗ ಇಟ್ರ ನೀರು ಏರಂಗಿಲ್ಲ. ಹೊಲಕ್ಕ ನೀರು ಬಿಡಬೇಕು. ಓದಿದವ್ರು ನೀವು, ಏನು ಮಾಡ್ಲಿ ಹೇಳ್ರಿ."

ಅವರ ಬಾವಿಯ ಆಳ, ಅಗಲ ಕೇಳಿ ಬರೆದುಕೊಂಡೆ.

"ವಿಚಾರ ಮಾಡಿ ಹೇಳ್ತೀನ್ರಿ."

"ಜಲ್ದಿ ಹೇಳ್ರಿ. ಬೆಳಿ ಕಾಯಂಗಿಲ್ಲ."

ಮರುದಿನ ಬೆಳಿಗ್ಗೆ ಅಂಬರೀಶ ಕಣ್ಣು ತೆರೆದ. ತಂದೆಯ ಗುರುತು ಹಿಡಿದ. ಬಾವಿಗೆ ಇಳಿದದ್ದು ಅವನಿಗೆ ಇಂದಿಗೂ ನೆನಪಿಲ್ಲ. ಕೆಲವು ತಿಂಗಳು ಅವನ ಕೈಬರಹ ನಡುಗುತ್ತಿತ್ತು, ಓದಿದ್ದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಹಾಜರಾತಿ ಕರೆಯುವಾಗ ಅವನ ಹೆಸರು ಬಂದರೆ ಉತ್ತರ ಕೇಳುವವರೆಗೆ ನಾನು ಮುಂದಿನ ಹೆಸರು ಕರೆಯುತ್ತಿರಲಿಲ್ಲ.

ಹಣಮಂತಪ್ಪನವರ ಪ್ರಶ್ನೆಯನ್ನು ನಾನು ಕಾಲೇಜಿಗೆ ಒಯ್ದೆ. ಭೌತಶಾಸ್ತ್ರದ ಸಹೋದ್ಯೋಗಿ ಕಪ್ಪುಹಲಗೆಯ ಮೇಲೆ ಲೆಕ್ಕ ಹಾಕಿದರು. ಹೊಗೆಕೊಳವೆಗೆ ಪೈಪು ಜೋಡಿಸಿ ಬಾವಿಯಿಂದ ಮೇಲಕ್ಕೆ ತರಬಹುದು, ಆದರೆ ಪೈಪು ಉದ್ದವಾದಷ್ಟೂ ಅಗಲವೂ ಹೆಚ್ಚಬೇಕು, ಇಲ್ಲದಿದ್ದರೆ ಹೊಗೆ ಎಂಜಿನ್ನಿಗೇ ಒತ್ತಿಕೊಂಡು ಅದು ನಿಂತುಹೋಗುತ್ತದೆ. ಸೇಡಂನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ರಫೀಕ್, ಭಾಗ್ಯಶ್ರೀ ನಿಂತು ಅದನ್ನು ಮಾಡಿಸಿದರು. ಮೊದಲನೆಯದು ಸೋರಿತು, ಎರಡನೆಯದು ಸರಿಬಂತು. ಎಂಜಿನ್ ಆರಿಸಲು ಮೇಲಿನಿಂದಲೇ ಎಳೆಯುವ ಒಂದು ತಂತಿ. ಜೊತೆಗೆ ಕಟ್ಟಪ್ಪಣೆ: ಎಂಜಿನ್ ಚಾಲೂ ಮಾಡಿದವರು ಕೂಡಲೇ ಮೇಲೆ ಬರಬೇಕು, ಅದು ಓಡುವಾಗ ಒಳಗೆ ಯಾರೂ ಇರಕೂಡದು, ನಿಂತ ಮೇಲೂ ಗಾಳಿ ಹೊಡೆಯದೆ, ಹಗ್ಗ ಕಟ್ಟದೆ ಇಳಿಯಕೂಡದು.

ಚಿಮ್ಮನಚೋಡದ ಅವರ ಹೊಲದಲ್ಲಿ ಅದನ್ನು ಜೋಡಿಸಿದ ದಿನ ನಾವೆಲ್ಲ ಹೋಗಿದ್ದೆವು. ಫೋಟೋಗೆ ಹಿಡಿಯುವ ಬ್ಯಾನರು ಒಯ್ದಿರಲಿಲ್ಲ. ಹಣಮಂತಪ್ಪ ಹಗ್ಗ ಕಟ್ಟಿಕೊಂಡು ಇಳಿದು, ಎಂಜಿನ್ ಚಾಲೂ ಮಾಡಿ ಸರಸರ ಮೇಲೆ ಬಂದರು. ಸ್ವಲ್ಪ ಹೊತ್ತಿಗೆ ಬಾವಿಯ ದಂಡೆಯಾಚೆ, ಪೈಪಿನ ತುದಿಯಲ್ಲಿ ಹೊಗೆ ಕಾಣಿಸಿತು. ಅದಕ್ಕೆ ಅಂಗೈ ಅಡ್ಡ ಹಿಡಿದು ನೋಡುತ್ತಾ ನಿಂತರು.

"ಇಷ್ಟು ವರ್ಷ ಇದೆಲ್ಲಾ ನನ್ನ ಎದ್ಯಾಗ ಹೋಗ್ತಿತ್ತೇನ್ರಿ?" ಎಂದರು. ಮಗನ ಕಡೆ ತಿರುಗಿ, "ಬಾಜೂ ಹೊಲದವ್ರನ್ನ ಕರೀ, ನೋಡ್ಲಿ," ಎಂದರು.

ಆ ಬಾವಿಯ ದಂಡೆಯಲ್ಲಿ ನನ್ನನ್ನು ಯಾರೂ ನಂಬಲಿಲ್ಲ ಎಂದು ಬಹಳ ದಿನ ನೊಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಏಳು ದಿನಕ್ಕೆಂದು ಬಂದು ಫೋಟೋ ತೆಗೆದುಕೊಂಡು ಹೋಗುವವರ ಮಾತನ್ನು, ಜೀವ ಹೋಗುವ ಹೊತ್ತಿನಲ್ಲಿ ಜನ ಯಾಕೆ ನಂಬಬೇಕು? ಬೇಡ ಎನ್ನಲು ನನ್ನ ಪದವಿ ಸಾಕಾಗಿತ್ತು. ಹಾಗಾದರೆ ಏನು ಮಾಡಲಿ ಎಂದು ಕೇಳಿದವರಿಗೆ ಉತ್ತರ ಕೊಡಲು ಇಡೀ ಕಾಲೇಜೇ ಬೇಕಾಯಿತು. ಕಾಲೇಜು ಇರುವುದು ಆ ಪ್ರಶ್ನೆಗೆ ಉತ್ತರ ಹುಡುಕಲೆಂದೇ ಎಂಬುದನ್ನು ಈ ವೃತ್ತಿ ನನಗೆ ಕಲಿಸಿದೆ.