ಬೋರ್ಡಿನ ಮೂರನೆಯ ತೂತು

ಗೋಡೆಯ ಕರೆಂಟ್ ಬೋರ್ಡಿನಲ್ಲಿ ಪ್ಲಗ್ಗಿಗೆ ಮೂರು ತೂತು ಇರುತ್ತವಲ್ಲ, ಮೇಲಿನ ದಪ್ಪ ತೂತಿನ ಹಿಂದೆ ತಂತಿ ಇದೆಯೋ ಇಲ್ಲವೋ ಎಂದು ಯಾರೂ ನೋಡುವುದಿಲ್ಲ. ಸಿಂದಗಿಯಲ್ಲಿ ಕಲಿಸಿದೆ, ಇಂಡಿಯಲ್ಲಿ ಕಲಿಸಿದೆ, ಮುದ್ದೇಬಿಹಾಳದಲ್ಲೂ ಸ್ವಲ್ಪ ದಿನ ಇದ್ದೆ. ಎಲ್ಲ ಕಡೆ ಅದೇ ಗೋಳು. ಈಗ ಬಸವನ ಬಾಗೇವಾಡಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಟೈಪಿಂಗ್ ಕಲಿಸುತ್ತೇನೆ. ಆ ತೂತಿನಿಂದ ನೆಲಕ್ಕೆ ತಂತಿ ಇಳಿಸಿ, ಅರ್ಥಿಂಗ್ ಹಾಕಿಸಿ ಎಂದು ಹೇಳಿ ಹೇಳಿ ಸಾಕಾಗಿ ಹೋಗಿದೆ.

ನಮ್ಮ ಮಾಲೀಕರ ಕಟ್ಟಪ್ಪಣೆ: ಚಪ್ಪಲಿ ಹೊರಗೆ. ಕಂಪ್ಯೂಟರ್ ಎಂದರೆ ಸರಸ್ವತಿ, ಅದರ ಮುಂದೆ ಚಪ್ಪಲಿಯೇ? ದಿನಾ ಬೆಳಿಗ್ಗೆ ಪರಸಿ ಕಲ್ಲಿನ ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಆ ತಣ್ಣನೆಯ ನೆಲದ ಮೇಲೆ ಬರಿಗಾಲಿಟ್ಟು ಕೂತವರ ಕೈ ಮೇಜಿನ ಕೆಳಗಿನ ಕಂಪ್ಯೂಟರಿನ ತಗಡಿನ ಪೆಟ್ಟಿಗೆಗೆ ತಾಗಿತೋ, ಜುಮ್! ಪ್ರತಿ ಕಂಪ್ಯೂಟರಿನಲ್ಲೂ ಸ್ವಲ್ಪ ಕರೆಂಟು ಪೆಟ್ಟಿಗೆಗೆ ಸೋರುತ್ತದೆ. ಅರ್ಥ್ ತಂತಿ ಇದ್ದರೆ ಅದು ಸುಮ್ಮನೆ ನೆಲಕ್ಕೆ ಇಳಿಯುತ್ತದೆ, ಇಲ್ಲದಿದ್ದರೆ ಮುಟ್ಟಿದವರ ಮೈಯೇ ತಂತಿ. ಒಂದೇ ಲೈನಿಗೆ ಇಡೀ ಸಾಲನ್ನು ಜೋಡಿಸಿದರೆ ಎಲ್ಲದರ ಸೋರಿಕೆಯೂ ಕೂಡುತ್ತದೆ. ಅದಕ್ಕೇ ಅಂಥಲ್ಲಿ ಎರಡು ಅರ್ಥ್ ತಂತಿ ಎಳೆಯಬೇಕು, ಒಂದು ಕಡಿದರೂ ಇನ್ನೊಂದು ಇರಲೆಂದು. ನಮ್ಮಲ್ಲಿ ಒಂದಕ್ಕೇ ಗತಿ ಇರಲಿಲ್ಲ.

ಮನಗೂಳಿಯಿಂದ ಬಸ್ಸಿನಲ್ಲಿ ಒಬ್ಬಳು ಬರುತ್ತಿದ್ದಳು. ಕುರಿ ಸಾಕುವ ಮನೆಯ ಸೊಸೆ, ಮನೆಯಲ್ಲಿ ಹಾಲು ಕುಡಿಯುವ ಕೂಸು. ದಸರೆ ಮುಗಿದ ಮೇಲೆ ಒಂದು ಕಚೇರಿಯ ಟೈಪಿಂಗ್ ಪರೀಕ್ಷೆ ಇತ್ತು, ಪಾಸಾದರೆ ನೌಕರಿ. ಅದೊಂದೇ ಆಸೆಯಿಂದ ಅತ್ತೆಯ ಕೈಕಾಲು ಹಿಡಿದು ಒಪ್ಪಿಸಿದ್ದಳು. ಬೆರಳು ಎಷ್ಟು ಚುರುಕು ಅಂತೀರಿ! ಅಂಥ ಕೈಯನ್ನು ನಾನು ಬಹಳ ವರ್ಷ ಕಂಡಿರಲಿಲ್ಲ.

“ಅಕ್ಕಾರ, ಪೆಟ್ಟಿಗಿ ತಾಗಿದ್ರ ಜುಮ್ ಅಂತೈತ್ರಿ. ಮನ್ಯಾಗ ಗೊತ್ತಾದ್ರ ಬಿಡಸ್ತಾರ,” ಎಂದು ದಿನಾ ಹೇಳುತ್ತಿದ್ದಳು.

ಮಾಲೀಕರನ್ನು ಕರೆತಂದೆ. ಅವರು ಬೂಟು ಹಾಕಿಕೊಂಡೇ ಒಳಗೆ ಬಂದರು, ಕಟ್ಟಪ್ಪಣೆ ಅವರಿಗಲ್ಲವಲ್ಲ. ಪೆಟ್ಟಿಗೆಯ ಮೇಲೆ ಇಡೀ ಅಂಗೈ ಇಟ್ಟರು.

“ಎಲ್ಲೈತ್ರಿ ಶಾಕು? ಸುಮ್ನ ಆಕಿ ಅಂಜಾಕತ್ತಾಳ.”

“ಬೂಟು ಬಿಚ್ಚಿ ಮುಟ್ರಿ ಸರ, ನೋಡೂಣು.”

“ನನಗೇನ್ ಹುಚ್ಚ ಹಿಡದೈತೇನ್ರಿ? ಬಾಡಿಗಿ ಕಟ್ಟಡ ಇದು. ಅರ್ಥಿಂಗ್ ಅಂತ ಹಿತ್ತಲದಾಗ ಕುಣಿ ತೋಡಿದ್ರ ಮನಿ ಮಾಲಕ ಸುಮ್ನ ಬಿಡ್ತಾನೇನು?”

ಮೈಯೆಲ್ಲ ಉರಿಯಿತು. ಆದರೆ ಈ ವಯಸ್ಸಿನಲ್ಲಿ ಮತ್ತೊಂದು ಊರು, ಮತ್ತೊಂದು ಕೇಂದ್ರ ಹುಡುಕುವ ತ್ರಾಣ ನನಗಿರಲಿಲ್ಲ. ಮನೆಯಿಂದ ಒಂದು ಕಟ್ಟಿಗೆ ಮಣೆ ತಂದು ಅವಳ ಕಾಲ ಕೆಳಗೆ ಇಟ್ಟೆ. “ಇದೇನ್ ಅಡಗಿ ಮನೀನ?” ಎಂದು ಮಾಲೀಕರು ಅದನ್ನೂ ತೆಗೆಸಿದರು.

ಒಂದು ಬೆಳಿಗ್ಗೆ ನೆಲ ಇನ್ನೂ ಆರಿರಲಿಲ್ಲ. ಅವಳು ಬಗ್ಗಿ ಪೆಟ್ಟಿಗೆಯ ಗುಂಡಿ ಒತ್ತಿದಳು. ಬೆರಳು ತಗಡಿಗೆ ತಾಗಿ ಜುಮ್ ಎಂದಿತು, ಹಿಂದಕ್ಕೆ ಜಗ್ಗಿದ ರಭಸಕ್ಕೆ ಸ್ಟೂಲ್ ಉರುಳಿ, ಬಲಗೈ ಮೇಲೆ ಬಿದ್ದಳು. “ಏನಿಲ್ಲ ತಗೋರಿ,” ಎಂದು ಎದ್ದು ಸೀರೆ ಕೊಡವಿಕೊಂಡು ಬಸ್ಸಿಗೆ ಹೋದಳು. ಮರುದಿನದಿಂದ ಬರಲಿಲ್ಲ. ಫೋನು ಮಾಡಿದರೆ ಅತ್ತೆ ಎತ್ತಿದರು.

“ಕೂಸಿನ ತಾಯಿರೀ ಆಕಿ. ನಿಮ್ಮ ಕರೆಂಟಿನ ಪೆಟ್ಟಿಗಿ ಸಂಗಾಟ ನಮಗ ಬ್ಯಾಡ,” ಎಂದು ಇಟ್ಟುಬಿಟ್ಟರು. ಅವರು ತಪ್ಪೇನು ಹೇಳಿದರು?

ಅಷ್ಟರಲ್ಲಿ ದಸರೆಯ ಖಂಡೆ ಪೂಜೆ, ಅಂದರೆ ಆಯುಧ ಪೂಜೆ ಬಂತು. ಮಾಲೀಕರು ಸ್ನಾನ ಮಾಡಿ, ಧೋತರ ಉಟ್ಟು, ಆ ದಿನ ಮಾತ್ರ ಬರಿಗಾಲಲ್ಲಿ ಬಂದರು. ನೆಲ ತೊಳೆಸಿದ್ದರು. ಎಲ್ಲ ಪರದೆಯ ಮೇಲೂ ದೇವರ ಚಿತ್ರ ಇರಲೆಂದು ಯಂತ್ರಗಳನ್ನು ಚಾಲೂ ಮಾಡಿಸಿದ್ದರು. ಒದ್ದೆ ಬೆರಳಿನಿಂದ ಮೊದಲ ಪೆಟ್ಟಿಗೆಗೆ ವಿಭೂತಿ ಎಳೆದರು ನೋಡಿ, “ಯಪ್ಪೋ!” ಆರತಿ ತಟ್ಟೆ ಎಲ್ಲೋ, ಅವರೆಲ್ಲೋ. ಗೋಡೆಗೆ ಒರಗಿ ಕೂತು ತಮ್ಮ ಕೈಯನ್ನೇ ನೋಡಿಕೊಂಡರು. ನನಗೆ ನಗು ಬರಲಿಲ್ಲ, ದೇವರಾಣೆ.

ಹಬ್ಬ ಮುಗಿದದ್ದೇ ತಡ, ಕರೆಂಟ್ ಕೆಲಸದವರು ಬಂದರು. ಹಿತ್ತಲಲ್ಲಿ ಆಳವಾಗಿ ಕುಣಿ ತೋಡಿ ತಾಮ್ರದ ಪಟ್ಟಿ ಇಳಿಸಿ, ಇದ್ದಿಲು ಉಪ್ಪು ತುಂಬಿ ನೀರು ಹೊಯ್ದರು. ಅಲ್ಲಿಂದ ಬೋರ್ಡುಗಳಿಗೆ ಎರಡು ತಂತಿ ಎಳೆದರು. ಮನೆ ಮಾಲೀಕ ಬಂದು ನೋಡಿ, “ಚಲೋ ಆತ್ ಬಿಡ್ರಿ,” ಎಂದು ಹೋದ. ಇಷ್ಟೇ! ಇಷ್ಟಕ್ಕೆ ನಾನು ಅಷ್ಟು ದಿನ ಬಾಯಿ ಬಡಕೊಂಡಿದ್ದೆ.

ಪರೀಕ್ಷೆಗೆ ಇನ್ನೂ ಸಮಯವಿತ್ತು. ಸಂಜೆಯ ಬಸ್ಸಿಗೆ ಮನಗೂಳಿಯಲ್ಲಿ ಇಳಿದು ಅವಳ ಮನೆ ಹುಡುಕಿದೆ. ಅಂಗಳದಲ್ಲಿ ಕೂಸನ್ನು ಎಡಗಂಕುಳಲ್ಲಿ ಎತ್ತಿಕೊಂಡು ನಿಂತಿದ್ದಳು. ನಾನು ಕೂರುವ ಮೊದಲೇ ಎಲ್ಲ ಹೇಳಿಬಿಟ್ಟೆ: ಮಾಲೀಕರಿಗೆ ಕರೆಂಟು ಹೊಡೆದದ್ದು, ಕುಣಿ, ಎರಡು ತಂತಿ. “ಇನ್ನ ಅಂಜಬ್ಯಾಡವಾ ತಂಗಿ, ನಾಳಿಂದ ಬಾ,” ಎಂದೆ. ಅತ್ತೆ ಕೂಡ ಬೇಡ ಎನ್ನಲಿಲ್ಲ.

ಅವಳು ಸೆರಗು ಸರಿಸಿ ಬಲಗೈ ತೋರಿಸಿದಳು. ಮೊಣಕೈಯಿಂದ ಅಂಗೈವರೆಗೆ ಪಟ್ಟಿ.

“ಎಲುಬು ಸೀಳೈತಂತ್ರಿ. ಬೆರಳ ಮಡಚಾಕ ಬರವಲ್ದು,” ಎಂದಳು. ಕೂಸು ಪಟ್ಟಿಯ ದಾರ ಜಗ್ಗುತ್ತಿತ್ತು, ಅದನ್ನು ಬಿಡಿಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು, “ಅವರಿಗೆ ಒಂದ ಸಲ ಹೊಡದದ್ದಕ್ಕ ಕುಣಿ ತೋಡ್ಸಿದ್ರೇನ್ರಿ, ಅಕ್ಕಾರ?”

ನಾನು ಹೂಂ ಎಂದೆ.